ಫೀನಿಕ್ಸ್‌ನಲ್ಲಿ ಉಳಿಯೋದಾ, ಸ್ಕಾಟ್ಸ್‌ಡೇಲ್‌ನಲ್ಲಾ?

ಅರಿಜೋನಾಕ್ಕೆ ಟಿಕೆಟ್ ಆದ ಕೂಡಲೇ ನೆಂಟರಿಂದ, ಸ್ನೇಹಿತರಿಂದ ಬರುವ ಮೊದಲ ಪ್ರಶ್ನೆ ಇದೇ. ಹೋಟೆಲ್ ಹುಡುಕಲು ಕೂತರೆ ಎರಡೂ ಊರು ಅಕ್ಕಪಕ್ಕ ಕಾಣುತ್ತವೆ. ಫೋಟೋದಲ್ಲಿ ಎರಡು ಕಡೆಯೂ ಅದೇ ಈಜುಕೊಳ, ಅದೇ ಕಳ್ಳಿ, ಅದೇ ಕೆಂಪು ಗುಡ್ಡ, ಆದರೆ ದರ ನೋಡಿದರೆ ಸೀಸನ್‌ನಲ್ಲಿ ಸ್ಕಾಟ್ಸ್‌ಡೇಲ್‌ನದ್ದು ಕೆಲವೊಮ್ಮೆ ಫೀನಿಕ್ಸ್‌ನ ಎರಡು ಪಟ್ಟು ಇರುತ್ತದೆ. ಅಲ್ಲಿಗೆ ತಲೆಬಿಸಿ ಶುರು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಗಲೆಲ್ಲ ಹೊರಗೆ ಸುತ್ತುವವರಾದರೆ ಫೀನಿಕ್ಸ್. ಅರ್ಧ ರಜೆಯನ್ನು ಹೋಟೆಲಿನ ಒಳಗೇ ಕಳೆಯುವವರಾದರೆ ಸ್ಕಾಟ್ಸ್‌ಡೇಲ್. ರೆಸಾರ್ಟಿಗೆ ದುಡ್ಡು ಸುರಿದು, ಬೆಳಗ್ಗೆ ಏಳಕ್ಕೆ ಕಾರು ಹತ್ತಿ ರಾತ್ರಿ ಹತ್ತಕ್ಕೆ ಬರೀ ಮಲಗೋದಕ್ಕೆ ವಾಪಸ್ ಬರುವುದಾದರೆ ಆ ದುಡ್ಡು ದಂಡ. ಇದರ ಮೇಲೆ ಇನ್ನೆರಡು ವಿಷಯ ಸೇರುತ್ತವೆ: ಯಾವ ತಿಂಗಳು ಬರುತ್ತೀರಿ, ಕಾರು ಇರುತ್ತದಾ ಇಲ್ಲವಾ. ನೋಡುವ ಜಾಗಗಳ ಪಟ್ಟಿ ಹಿಡಿದು ಊರು ಆರಿಸಲು ಹೋಗಬೇಡಿ. ಎರಡೂ ಊರಿನ ಜಾಗಗಳನ್ನು ಎಲ್ಲಿ ಉಳಿದರೂ ನೋಡಬಹುದು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಫೀನಿಕ್ಸ್ ಅರಿಜೋನಾದ ರಾಜಧಾನಿ. 2020ರ ಜನಗಣತಿಯಲ್ಲಿ ಸುಮಾರು 16 ಲಕ್ಷ ಜನ, ಅಮೆರಿಕದ ಐದನೇ ದೊಡ್ಡ ನಗರ. ಸ್ಕಾಟ್ಸ್‌ಡೇಲ್ ಅದರ ಪೂರ್ವಕ್ಕೆ ಅಂಟಿಕೊಂಡ ಬೇರೆ ಊರು. ಅದಕ್ಕೆ ಅದರದ್ದೇ ಮೇಯರ್, ಅದರದ್ದೇ ಕೌನ್ಸಿಲ್, ಜನ 2.4 ಲಕ್ಷ. ಮಧ್ಯೆ ಬಯಲು, ಹೊಲ, ಚೆಕ್‌ಪೋಸ್ಟ್ ಏನೂ ಇಲ್ಲ, ಒಂದು ಸಿಗ್ನಲ್ ದಾಟಿದರೆ ಊರು ಬದಲಾಗಿರುತ್ತದೆ. ಇವೆರಡರ ನಡುವೆ ಪ್ಯಾರಡೈಸ್ ವ್ಯಾಲಿ ಅಂತ ಸಿರಿವಂತರ ಪುಟ್ಟ ಊರು. ದಕ್ಷಿಣಕ್ಕೆ ಟೆಂಪಿ, ಮೆಸಾ, ಚಾಂಡ್ಲರ್. ಇಂಟೆಲ್ ಇರುವುದು ಚಾಂಡ್ಲರ್‌ನಲ್ಲಿ, ಹಾಗಾಗಿ ಕನ್ನಡ ಕಿವಿಗೆ ಬೀಳುವುದೂ ಆ ಕಡೆಯೇ ಜಾಸ್ತಿ. ಇಲ್ಲಿಯವರು ಇದನ್ನೆಲ್ಲ ಸೇರಿಸಿ ಸುಮ್ನೆ ‘ವ್ಯಾಲಿ’ ಎನ್ನುತ್ತಾರೆ.

ಎರಡೂ ಊರು ನಿಂತಿರುವುದು ಕಾಲುವೆ ನೀರಿನ ಮೇಲೆ. ಮೊದಲು ಇಲ್ಲಿನ ಹಳೇ ಮೂಲನಿವಾಸಿಗಳಾದ ಹೊಹೊಕಾಂ ಜನ ಸಾಲ್ಟ್ ನದಿಯಿಂದ ನೂರಾರು ಮೈಲಿ ಕಾಲುವೆ ತೋಡಿ ಬೇಸಾಯ ಮಾಡಿದ್ದರು. ಅವರು ಊರು ಬಿಟ್ಟು ಹೋದ ಎಷ್ಟೋ ಕಾಲದ ಮೇಲೆ, 1860ರ ದಶಕದ ಕೊನೆಗೆ, ಜ್ಯಾಕ್ ಸ್ವಿಲ್ಲಿಂಗ್ ಎಂಬಾತ ಆ ಹಳೇ ಕಾಲುವೆಗಳ ಹೂಳೆತ್ತಿಸಿ ಮತ್ತೆ ನೀರು ಹರಿಸಿದ. ಹಳೆಯ ಊರಿನ ಅವಶೇಷದ ಮೇಲೆ ಹುಟ್ಟಿದ ಊರು ಅಂತ, ಬೂದಿಯಿಂದ ಮತ್ತೆ ಎದ್ದು ಬರುವ ಪುರಾಣದ ಫೀನಿಕ್ಸ್ ಹಕ್ಕಿಯ ಹೆಸರು ಬಂತು. ಸ್ಕಾಟ್ಸ್‌ಡೇಲ್ ಇನ್ನೂ ಚಿಕ್ಕ ಕಥೆ. ವಿನ್‌ಫೀಲ್ಡ್ ಸ್ಕಾಟ್ ಎಂಬ ಸೈನ್ಯದ ಪಾದ್ರಿ 1888ರಲ್ಲಿ ಜಮೀನು ಕೊಂಡ, ಕಿತ್ತಳೆ ಬೆಳೆದ. 1951ರಲ್ಲಿ ಅಧಿಕೃತವಾಗಿ ಪಟ್ಟಣವಾದಾಗ ಅಲ್ಲಿದ್ದವರು ಸುಮಾರು 2 ಸಾವಿರ ಜನ. ರೆಸಾರ್ಟು, ಗಾಲ್ಫು, ಶ್ರೀಮಂತಿಕೆ ಎಲ್ಲ ಆಮೇಲಿನದು.

ಯಾವ ತಿಂಗಳು ಅನ್ನುವುದೇ ಅರ್ಧ ತೀರ್ಮಾನ

ನವೆಂಬರ್‌ನಿಂದ ಏಪ್ರಿಲ್ ಮಧ್ಯದವರೆಗೆ ಇಲ್ಲಿನ ಹವೆಗೆ ಹೆಸರಿಡುವ ಹಾಗಿಲ್ಲ. ಜನವರಿಯಲ್ಲಿ ಹಗಲು 20 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿ 7–8. ಮಳೆ ಇಲ್ಲವೇ ಇಲ್ಲ ಅನ್ನಬಹುದು, ವರ್ಷಕ್ಕೆಲ್ಲ ಸೇರಿ 8 ಇಂಚೂ ಬೀಳುವುದಿಲ್ಲ. ಉತ್ತರದ ರಾಜ್ಯಗಳಲ್ಲಿ ಹಿಮ ಗೋರುತ್ತಿರುವವರೆಲ್ಲ ಆಗ ಇಲ್ಲಿಗೇ ಬರುತ್ತಾರೆ, ಹಾಗಾಗಿ ದರವೂ ಆಗಲೇ ಏರುತ್ತದೆ.

ಏರುವ ರೀತಿ ಎರಡು ಊರಲ್ಲಿ ಒಂದೇ ಥರ ಅಲ್ಲ. ಸ್ಕಾಟ್ಸ್‌ಡೇಲ್‌ನಲ್ಲಿ ಜನವರಿಯಿಂದ ಮಾರ್ಚ್ ತನಕ ಒಂದರ ಹಿಂದೆ ಒಂದು ದೊಡ್ಡ ಜಾತ್ರೆ. ಜನವರಿಯಲ್ಲಿ ಬ್ಯಾರೆಟ್ ಜ್ಯಾಕ್ಸನ್ ಹಳೇ ಕಾರುಗಳ ಹರಾಜು. ಫೆಬ್ರವರಿ ಶುರುವಿನ ಹೊತ್ತಿಗೆ ಫೀನಿಕ್ಸ್ ಓಪನ್ ಗಾಲ್ಫ್ ಟೂರ್ನಿ. ಹೆಸರಲ್ಲಿ ಫೀನಿಕ್ಸ್, ಆಡುವುದು ಸ್ಕಾಟ್ಸ್‌ಡೇಲ್‌ನಲ್ಲಿ. ಆಮೇಲೆ ಅರಬ್ಬೀ ಕುದುರೆಗಳ ಪ್ರದರ್ಶನ. ಅದು ಮುಗಿಯುವಷ್ಟರಲ್ಲಿ ಬೇಸ್‌ಬಾಲ್ ತಂಡಗಳ ಅಭ್ಯಾಸ ಪಂದ್ಯಗಳು, 15 ತಂಡ ಈ ವ್ಯಾಲಿಗೇ ಬರುತ್ತವೆ. ಗಾಲ್ಫ್ ನಡೆಯುವ ವಾರ ಸ್ಕಾಟ್ಸ್‌ಡೇಲ್‌ನ ಹಳೇ ಪೇಟೆ ಓಲ್ಡ್ ಟೌನ್‌ನಲ್ಲಿ ರಾತ್ರಿಯೆಲ್ಲ ಕುಡಿದವರ ಕೇಕೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಆ ವಾರ ಅಲ್ಲಿ ರೂಮು ಮಾಡಬೇಡಿ. ಬೇಸ್‌ಬಾಲ್ ಮಾತ್ರ ಬಿಡಬೇಡಿ, ಆಟ ಅರ್ಥವಾಗದಿದ್ದರೂ ಪರವಾಗಿಲ್ಲ. ಸಾಲ್ಟ್ ರಿವರ್ ಫೀಲ್ಡ್ಸ್ ಮೈದಾನದಲ್ಲಿ ಹುಲ್ಲಿನ ಏರಿಯ ಮೇಲೆ ಕೂರುವ ಟಿಕೆಟ್ ಕಡಿಮೆ ದರಕ್ಕೆ ಸಿಗುತ್ತದೆ, ಒಂದು ಬೆಡ್‌ಶೀಟ್ ಹಾಸಿಕೊಂಡು ಬಿಸಿಲಿಗೆ ಮೈಯೊಡ್ಡಿ ಮಧ್ಯಾಹ್ನ ಕಳೆಯಬಹುದು.

ಇನ್ನು ಬೇಸಿಗೆ. ಜೂನ್‌ನಿಂದ ಸೆಪ್ಟೆಂಬರ್. ಸುಮ್ನೆ ಬಿಸಿಲು ಅಂತ ತಿಳಿಯಬೇಡಿ. 2023ರಲ್ಲಿ ಸತತ 31 ದಿನ ಇಲ್ಲಿ ತಾಪ 110 ಫ್ಯಾರನ್‌ಹೀಟ್ ದಾಟಿತ್ತು ಅಥವಾ ಮುಟ್ಟಿತ್ತು, ಅಂದರೆ 43 ಸೆಲ್ಸಿಯಸ್‌ಗಿಂತ ಮೇಲೆ. ದಾಖಲೆ 1990ರ ಜೂನ್ 26ರದ್ದು, 122 ಫ್ಯಾರನ್‌ಹೀಟ್, ಸರಿಯಾಗಿ 50 ಸೆಲ್ಸಿಯಸ್. ಅಷ್ಟು ಬಿಸಿಗೆ ವಿಮಾನ ಎಷ್ಟು ದೂರ ಓಡಿ ಮೇಲೇರಬೇಕು ಎಂಬ ಲೆಕ್ಕವೇ ಕೈಯಲ್ಲಿ ಇಲ್ಲದೆ ಅಂದು ವಿಮಾನಗಳನ್ನು ನಿಲ್ಲಿಸಿದ್ದರು. ರಾಯಚೂರು, ಕಲಬುರಗಿಯ ಮೇ ತಿಂಗಳು ಕಂಡವರು ‘ನಮಗೇನು ಹೊಸದಾ’ ಎನ್ನುತ್ತಾರೆ. ಹಗಲಿಗೆ ಆ ಮಾತು ನಡೆಯುತ್ತದೆ. ಆದರೆ ಇಲ್ಲಿ ರಾತ್ರಿಯೂ ಇಳಿಯುವುದಿಲ್ಲ. 2023ರ ಜುಲೈ 19ರಂದು ದಿನದ ಕನಿಷ್ಠ ತಾಪವೇ 97 ಫ್ಯಾರನ್‌ಹೀಟ್ ಇತ್ತು, 36 ಸೆಲ್ಸಿಯಸ್. ಒಣ ಹವೆ ಬೇರೆ. ಬೆವರು ಬಂದದ್ದೇ ತಿಳಿಯುವುದಿಲ್ಲ, ಬಂದ ಹಾಗೇ ಆರಿಹೋಗುತ್ತದೆ. ಬಾಯಾರಿಕೆ ಗೊತ್ತಾಗುವಷ್ಟರಲ್ಲಿ ತಲೆನೋವು ಶುರುವಾಗಿರುತ್ತದೆ.

ಬಿಸಿಲಲ್ಲಿ ನಿಂತ ಕಾರಿನೊಳಗೆ ಕೂರುವುದೇ ಒಂದು ಸಾಹಸ. ಸ್ಟಿಯರಿಂಗ್ ಮುಟ್ಟಲಾಗುವುದಿಲ್ಲ. ಕೆಲವರು ಅಡುಗೆಮನೆಯ ಕೈಗವಸನ್ನೇ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡಿರುತ್ತಾರೆ. ಸೀಟ್ ಬೆಲ್ಟಿನ ಲೋಹದ ಕೊಕ್ಕೆ ಮಗುವಿನ ಬರಿತೊಡೆಗೆ ತಾಗಿದರೆ ಬರೆ ಎಳೆದ ಹಾಗೆ ಕೆಂಪಾಗುತ್ತದೆ, ಮೊದಲು ಕೊಕ್ಕೆ ಮುಟ್ಟಿ ನೋಡಿ ಆಮೇಲೆ ಮಗುವನ್ನು ಕೂರಿಸಿ. ಈಜುಕೊಳದಿಂದ ರೂಮಿಗೆ ಬರಿಗಾಲಲ್ಲಿ ಓಡಬೇಡಿ. ಡಾಂಬರು, ಸಿಮೆಂಟು ಮುಟ್ಟಿ ಸುಟ್ಟುಕೊಂಡು ಆಸ್ಪತ್ರೆ ಸೇರುವವರು ಇಲ್ಲಿ ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ.

ಹಾಗಂತ ಬೇಸಿಗೆ ಬೇಡವೇ ಬೇಡ ಅಂತೇನೂ ಅಲ್ಲ. ಶಾಲೆಗೆ ರಜೆ ಇರುವುದೇ ಆಗ, ಏನು ಮಾಡುವುದು? ಆಗ ಲೆಕ್ಕ ಪೂರ್ತಿ ತಿರುಗುತ್ತದೆ. ಹೇಗೂ ಹಗಲು ಹತ್ತರಿಂದ ಸಂಜೆ ಆರರ ತನಕ ಹೊರಗೆ ಕಾಲಿಡುವ ಹಾಗಿಲ್ಲ, ಅಂದಮೇಲೆ ಹೋಟೆಲೇ ನಿಮ್ಮ ಊರು. ಆಗ ಸ್ಕಾಟ್ಸ್‌ಡೇಲ್‌ನ ದೊಡ್ಡ ರೆಸಾರ್ಟುಗಳು ಫೆಬ್ರವರಿ ದರದ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕಿಂತ ಕಡಿಮೆಗೆ ಇಳಿಯುತ್ತವೆ. ಬೇಸಿಗೆಯಲ್ಲಿ ಬರುವವರಿಗೆ ನಾನು ಕಣ್ಣುಮುಚ್ಚಿ ಸ್ಕಾಟ್ಸ್‌ಡೇಲ್ ಅನ್ನುತ್ತೇನೆ. ನೀರು ಜಾರುಬಂಡಿ ಇರುವ, ಕೊಳದ ಮೇಲೆ ನೆರಳು ಇರುವ ಜಾಗ ನೋಡಿ. ನೆರಳಿಲ್ಲದ ಕೊಳದ ನೀರು ಜುಲೈನಲ್ಲಿ ಸ್ನಾನದ ನೀರಿನಷ್ಟು ಬೆಚ್ಚಗಿರುತ್ತದೆ, ಇಳಿದರೂ ಹಾಯೆನಿಸುವುದಿಲ್ಲ.

ದರ ನೋಡುವಾಗ ಒಂದು ಎಚ್ಚರ. ರೆಸಾರ್ಟ್ ಫೀ ಅಂತ ರೂಮಿನ ಬಾಡಿಗೆಯ ಮೇಲೆ ದಿನಕ್ಕೆ 30ರಿಂದ 60 ಡಾಲರ್ ಹಾಕುವುದು ಇಲ್ಲಿ ಮಾಮೂಲು. ಕೊಳಕ್ಕೆ ಇಳಿಯಿರಿ, ಬಿಡಿ, ಕೊಡಲೇಬೇಕು. 2025ರ ಮೇನಿಂದ ಇಂಥ ಕಡ್ಡಾಯ ಶುಲ್ಕ ಸೇರಿಸಿಯೇ ದರ ತೋರಿಸಬೇಕೆಂಬ ಕೇಂದ್ರ ಸರ್ಕಾರದ ನಿಯಮ ಬಂದಿದೆ, ಆದರೂ ಪಾರ್ಕಿಂಗ್ ಮತ್ತು ತೆರಿಗೆ ಬೇರೆ ಸಾಲಿನಲ್ಲಿ ಬಂದು ಕೂರುತ್ತವೆ. ನಮ್ಮ ನೆಂಟರೊಬ್ಬರು ಉಳಿದಿದ್ದ ಒಂದು ಹೋಟೆಲಿನಲ್ಲಿ ಕಾರು ನಿಲ್ಲಿಸಲು ವ್ಯಾಲೆ (ಹೋಟೆಲಿನವರೇ ಕಾರು ತೆಗೆದುಕೊಂಡು ಹೋಗಿ ನಿಲ್ಲಿಸುವುದು) ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ, ಅದಕ್ಕೂ ದುಡ್ಡು, ಕಾರು ತಂದುಕೊಟ್ಟ ಹುಡುಗನಿಗೆ ಪ್ರತಿ ಸಲ ಟಿಪ್ಸು ಬೇರೆ. ಬುಕ್ ಮಾಡುವ ಮೊದಲು ‘ನಾವೇ ನಿಲ್ಲಿಸಿಕೊಳ್ಳುವ ಪಾರ್ಕಿಂಗ್ ಇದೆಯಾ’ ಅಂತ ಒಂದು ಫೋನ್ ಹಾಕಿ ಕೇಳಿ.

ಕಾರು ಇಲ್ಲದಿದ್ದರೆ ಚರ್ಚೆಯೇ ಬೇಡ

ಕಾರು ತೆಗೆದುಕೊಳ್ಳುವುದಿಲ್ಲ ಅಂದರೆ ಫೀನಿಕ್ಸ್ ಡೌನ್‌ಟೌನ್ ಅಥವಾ ಟೆಂಪಿ. ಸ್ಕಾಟ್ಸ್‌ಡೇಲ್ ಬಿಟ್ಟುಬಿಡಿ. ಕಾರಣ ಲೈಟ್ ರೈಲು, ಅಂದರೆ ಊರೊಳಗೆ ಓಡುವ ಸಣ್ಣ ರೈಲು. ಸ್ಕೈ ಹಾರ್ಬರ್ ವಿಮಾನ ನಿಲ್ದಾಣದಿಂದ ಸ್ಕೈ ಟ್ರೇನ್ ಪುಕ್ಕಟೆ, ಅದು 44ನೇ ಸ್ಟ್ರೀಟಿನ ಸ್ಟೇಷನ್ನಿಗೆ ತಂದು ಬಿಡುತ್ತದೆ. ಅಲ್ಲಿ 2 ಡಾಲರ್ ಕೊಟ್ಟು ಲೈಟ್ ರೈಲು ಹತ್ತಿದರೆ ಒಂದು ದಿಕ್ಕಿಗೆ ಡೌನ್‌ಟೌನ್, ಇನ್ನೊಂದು ದಿಕ್ಕಿಗೆ ಟೆಂಪಿ, ಮೆಸಾ. ದಿನದ ಪಾಸು 4 ಡಾಲರ್. ಹರ್ಡ್ ಮ್ಯೂಸಿಯಂ, ಫೀನಿಕ್ಸ್ ಆರ್ಟ್ ಮ್ಯೂಸಿಯಂ ಎರಡೂ ಈ ರೈಲಿನ ದಾರಿಯಲ್ಲೇ ಇವೆ.

ಈ ರೈಲು ಸ್ಕಾಟ್ಸ್‌ಡೇಲ್‌ಗೆ ಹೋಗುವುದಿಲ್ಲ. ಆ ಊರಿನವರು ಬೇಡ ಅಂದಿದ್ದಾರೆ. ಟೆಂಪಿಯಲ್ಲಿ ಇಳಿದು 72ನೇ ನಂಬರಿನ ಬಸ್ಸು ಹಿಡಿದರೆ ಸ್ಕಾಟ್ಸ್‌ಡೇಲ್ ರಸ್ತೆಯುದ್ದಕ್ಕೂ ಹೋಗಬಹುದು. ಊರೊಳಗೆ ಪುಕ್ಕಟೆ ಟ್ರಾಲಿ ಬಸ್ಸುಗಳೂ ಇವೆ. ಆದರೆ ಸ್ಕಾಟ್ಸ್‌ಡೇಲ್ ಉತ್ತರ–ದಕ್ಷಿಣ ಉದ್ದಕ್ಕೆ 31 ಮೈಲಿ, ಅಡ್ಡಕ್ಕೆ ಬಹಳ ಕಡಿಮೆ. ‘ಸ್ಕಾಟ್ಸ್‌ಡೇಲ್ ಹೋಟೆಲ್’ ಅಂತ ಬುಕ್ ಮಾಡಿದವರು ಓಲ್ಡ್ ಟೌನ್‌ನಿಂದ 15 ಮೈಲಿ ಉತ್ತರಕ್ಕೆ, ಗಾಲ್ಫ್ ಮೈದಾನದ ಮಧ್ಯೆ ಇಳಿದು ‘ಅಂಗಡಿ ಎಲ್ಲಿದೆ’ ಅಂತ ಕೇಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹೆಸರು ನೋಡಿ ಬುಕ್ ಮಾಡಬೇಡಿ, ಮ್ಯಾಪು ತೆರೆದು ನೋಡಿ.

ವೇಮೋ ಕಾರು ಎರಡೂ ಕಡೆ ಸಿಗುತ್ತದೆ. ಡ್ರೈವರ್ ಇಲ್ಲದ ಟ್ಯಾಕ್ಸಿ, ಸ್ಟಿಯರಿಂಗ್ ತಾನೇ ತಿರುಗುತ್ತದೆ. ಮಕ್ಕಳಿಗೆ ಅದೇ ಒಂದು ಪ್ರವಾಸ. ಅಜ್ಜಿಯಂದಿರು ಮೊದಲ ಎರಡು ಸಿಗ್ನಲ್ ತನಕ ರಾಮ ರಾಮ ಎನ್ನುತ್ತಾರೆ, ಆಮೇಲೆ ಟಿಪ್ಸ್ ಕೊಡಬೇಕಿಲ್ಲ ಅಂತ ತಿಳಿದು ಖುಷಿಪಡುತ್ತಾರೆ.

ಕಾರು ಇದ್ದರೆ ದೂರ ಏನೂ ಅಲ್ಲ. ವಿಮಾನ ನಿಲ್ದಾಣದಿಂದ ಡೌನ್‌ಟೌನ್ ಹತ್ತು ನಿಮಿಷ, ಓಲ್ಡ್ ಟೌನ್ ಸ್ಕಾಟ್ಸ್‌ಡೇಲ್ ಇಪ್ಪತ್ತು, ಉತ್ತರದ ರೆಸಾರ್ಟುಗಳಿಗೆ ಅರ್ಧ ಗಂಟೆ. ಸಂಜೆ ನಾಲ್ಕರಿಂದ ಆರರ ಟ್ರಾಫಿಕ್ಕಿನಲ್ಲಿ ಇದಕ್ಕೆ ಇನ್ನರ್ಧ ಸೇರಿಸಿಕೊಳ್ಳಿ.

ನೋಡುವುದು ಏನು, ಯಾವುದು ಎಲ್ಲಿಗೆ ಹತ್ತಿರ

ಮ್ಯೂಸಿಯಂಗಳ ವಿಷಯದಲ್ಲಿ ಫೀನಿಕ್ಸ್ ಕೈ ಮೇಲು. 1929ರಲ್ಲಿ ಶುರುವಾದ ಹರ್ಡ್ ಮ್ಯೂಸಿಯಂ ಒಂದನ್ನು ಬಿಟ್ಟರೆ ಅರಿಜೋನಾಕ್ಕೆ ಬಂದದ್ದೇ ವ್ಯರ್ಥ ಅಂತ ನನ್ನ ಅಭಿಪ್ರಾಯ. ಹೋಪಿ, ನವಾಹೊ, ಓಓದಂ ಮುಂತಾದ ಮೂಲನಿವಾಸಿಗಳ ಕಲೆ, ನೇಯ್ಗೆ, ಮಡಕೆ, ಹೋಪಿಗಳ ಕಚೀನಾ ಬೊಂಬೆಗಳ ದೊಡ್ಡ ಸಂಗ್ರಹ. ಮೂಲನಿವಾಸಿ ಮಕ್ಕಳನ್ನು ತಾಯ್ತಂದೆಯರಿಂದ ಬಿಡಿಸಿ ಬೋರ್ಡಿಂಗ್ ಶಾಲೆಗೆ ಹಾಕಿ, ಕೂದಲು ಕತ್ತರಿಸಿ, ಭಾಷೆ ಮರೆಸಿದ ಕಥೆಗೂ ಅಲ್ಲಿ ಒಂದು ವಿಭಾಗ ಇದೆ. ಅಲ್ಲಿ ಮಾತ್ರ ಮಾತಾಡುತ್ತಾ ಓಡಬೇಡಿ, ನಿಧಾನಕ್ಕೆ ಓದಿ. ಟರ್ಕಾಯ್ಸ್ ಎಂಬ ನೀಲಿಹಸಿರು ಕಲ್ಲಿನ ಬೆಳ್ಳಿ ಒಡವೆ ಕೊಳ್ಳುವವರು ಓಲ್ಡ್ ಟೌನ್ ಸ್ಕಾಟ್ಸ್‌ಡೇಲ್‌ನ ‘50 ಪರ್ಸೆಂಟ್ ಆಫ್’ ಬೋರ್ಡು ನೋಡಿ ನುಗ್ಗುವ ಮೊದಲು ಹರ್ಡ್‌ನ ಅಂಗಡಿಗೆ ಒಮ್ಮೆ ಹೋಗಿ. ದರ ಜಾಸ್ತಿ, ಆದರೆ ಮಾಡಿದವರ ಹೆಸರು, ಬುಡಕಟ್ಟು ಕೇಳಿದರೆ ಹೇಳುತ್ತಾರೆ. ಬೇರೆ ಕಡೆ ತಯಾರಾದ ಮಾಲನ್ನು ಮೂಲನಿವಾಸಿಗಳು ಮಾಡಿದ್ದು ಅಂತ ಮಾರುವುದು 1990ರ ಕಾಯಿದೆ ಪ್ರಕಾರ ಅಪರಾಧ, ಹಾಗಾಗಿ ಓಲ್ಡ್ ಟೌನ್‌ನಲ್ಲೂ ‘ಯಾರು ಮಾಡಿದ್ದು, ಬಿಲ್ಲಲ್ಲಿ ಬರೆದುಕೊಡಿ’ ಅಂತ ಕೇಳಬಹುದು. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಮ್ಯೂಸಿಯಂ, ಎಲ್ಲರೂ ಮಿಮ್ ಎನ್ನುತ್ತಾರೆ. 2010ರಲ್ಲಿ ತೆರೆದದ್ದು. ಪ್ರಪಂಚದ ದೇಶ ದೇಶಗಳ ವಾದ್ಯಗಳನ್ನು ಖಂಡವಾರು ಕೋಣೆಗಳಲ್ಲಿ ಜೋಡಿಸಿದ್ದಾರೆ. ಕಿವಿಗೆ ಹೆಡ್‌ಫೋನ್ ಕೊಡುತ್ತಾರೆ, ಯಾವ ವಾದ್ಯದ ಮುಂದೆ ನಿಲ್ಲುತ್ತೀರೋ ಅದರ ನಾದ ತಾನಾಗೇ ಕೇಳಿಸುತ್ತದೆ, ಪಕ್ಕಕ್ಕೆ ಎರಡು ಹೆಜ್ಜೆ ಇಟ್ಟರೆ ಇನ್ನೊಂದು. ಭಾರತದ ವಾದ್ಯಗಳ ಮುಂದೆ ನಮ್ಮವರು ಕಾಲೂರಿ ನಿಂತುಬಿಡುತ್ತಾರೆ, ಆಫ್ರಿಕಾ ನೋಡಲು ಹೊತ್ತೇ ಉಳಿಯುವುದಿಲ್ಲ. ಮಕ್ಕಳಿಗೆ ಡೋಲು, ಗಾಂಗು ಬಾರಿಸುವ ಕೋಣೆ ಬೇರೆ ಇದೆ. ತಮಾಷೆ ಏನೆಂದರೆ, ಇದು ಇರುವುದು ಫೀನಿಕ್ಸ್‌ನಲ್ಲೇ ಆದರೂ ಡೌನ್‌ಟೌನ್‌ನಿಂದ 20 ಮೈಲಿ ದೂರ. ಉತ್ತರ ಸ್ಕಾಟ್ಸ್‌ಡೇಲ್‌ನ ರೆಸಾರ್ಟಿನಲ್ಲಿ ಇರುವವರಿಗೆ ಹತ್ತೇ ನಿಮಿಷ.

ಡೆಸರ್ಟ್ ಬೊಟಾನಿಕಲ್ ಗಾರ್ಡನ್ ಕೂಡ ಹಾಗೇ. ವಿಳಾಸ ಫೀನಿಕ್ಸ್‌ನದು, ಓಲ್ಡ್ ಟೌನ್‌ಗೆ ಹತ್ತಿರ. ಪಾಪಗೊ ಪಾರ್ಕಿನ ಕೆಂಪು ಬಂಡೆಗಳ ನಡುವೆ 140 ಎಕರೆ, 1939ರಿಂದ ಇದೆ. ಮರುಭೂಮಿಯಲ್ಲಿ ಏನಿದೆ ನೋಡೋಕೆ ಅನ್ನುವವರನ್ನು ಮೊದಲು ಇಲ್ಲಿಗೇ ಕರೆದುಕೊಂಡು ಹೋಗಿ. ಸವಾರೊ ಕಳ್ಳಿಯ ಹತ್ತಿರ ನಿಂತು ನೋಡಿ: ಮೈತುಂಬ ಉದ್ದುದ್ದ ಮಡಿಕೆ, ಮಳೆ ಬಂದಾಗ ನೀರು ಕುಡಿದು ಆ ಮಡಿಕೆ ಅಗಲವಾಗುತ್ತದೆ, ಬರದಲ್ಲಿ ಮತ್ತೆ ಒಳಗೆ ಸೇರುತ್ತದೆ. ಮೇಲೆ ಗುಂಡಗೆ ತೂತು ಕಂಡರೆ ಅದು ಮರಕುಟಿಗ ಕೊರೆದ ಗೂಡು. ಮೊದಲ ಕೊಂಬೆ ಒಡೆಯುವ ಹೊತ್ತಿಗೆ ಗಿಡಕ್ಕೆ 50ರಿಂದ 75 ವರ್ಷ ಆಗಿರುತ್ತದೆ. ಇದು ಸೊನೋರನ್ ಮರುಭೂಮಿ ಬಿಟ್ಟು ಕಾಡಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಮೇ ತಿಂಗಳಲ್ಲಿ ಬಂದರೆ ತುದಿಯಲ್ಲಿ ಬಿಳಿ ಹೂ. ರಾತ್ರಿ ಅರಳಿ ಮರುದಿನ ಮಧ್ಯಾಹ್ನಕ್ಕೆ ಬಾಡುತ್ತದೆ, ಆದ್ದರಿಂದ ಬೆಳಗ್ಗೆಯೇ ಹೋಗಿ.

ಚೋಯಾ ಕಳ್ಳಿ ಕಂಡರೆ ಮಾತ್ರ ದೂರ. ದೂರದಿಂದ ನುಣುಪು ರೋಮದ ಹಾಗೆ ಮುದ್ದಾಗಿ ಕಾಣುತ್ತದೆ, ಪಕ್ಕದಲ್ಲಿ ಹಾದರೆ ಸಾಕು, ಒಂದು ಗೆಣ್ಣು ಕಳಚಿ ಪ್ಯಾಂಟಿಗೆ ಕಚ್ಚಿಕೊಂಡಿರುತ್ತದೆ. ಕೈಯಲ್ಲಿ ಕೀಳಲು ಹೋದರೆ ಬೆರಳಿಗೂ ಅಂಟುತ್ತದೆ. ಬಾಚಣಿಗೆಯ ಹಲ್ಲು ಅದರ ಅಡಿಗೆ ತೂರಿಸಿ ಒಂದೇ ಸಲ ಚಿಮ್ಮಿಸಬೇಕು. ಟ್ರೇಲ್‌ಗೆ ಹೋಗುವಾಗ ಬ್ಯಾಗಿನಲ್ಲಿ ಬಾಚಣಿಗೆ ಇರಲಿ.

ಸ್ಕಾಟ್ಸ್‌ಡೇಲ್‌ನಲ್ಲಿ ತಪ್ಪಿಸಬಾರದ್ದು ಎರಡು. ಒಂದು ಟ್ಯಾಲಿಯೆಸಿನ್ ವೆಸ್ಟ್. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ತನ್ನ 70ನೇ ವಯಸ್ಸಿನಲ್ಲಿ, 1937ರಲ್ಲಿ, ಶಿಷ್ಯರನ್ನು ಕಟ್ಟಿಕೊಂಡು ಚಳಿಗಾಲದ ಮನೆ ಅಂತ ಶುರುಮಾಡಿದ್ದು. ಅಲ್ಲೇ ಬಿದ್ದಿದ್ದ ಬಂಡೆಗಳನ್ನು ಮರದ ಅಚ್ಚಿನೊಳಗೆ ಇಟ್ಟು, ಸುತ್ತ ಕಾಂಕ್ರೀಟ್ ಸುರಿದು ಗೋಡೆ ಎಬ್ಬಿಸಿದ್ದಾರೆ. ಬಾಗಿಲಲ್ಲಿ ಎತ್ತರದವರು ತಲೆ ತಗ್ಗಿಸುವಷ್ಟು ಇಕ್ಕಟ್ಟು, ದಾಟಿದರೆ ಒಮ್ಮೆಲೇ ಬೆಳಕು ತುಂಬಿದ ದೊಡ್ಡ ಕೋಣೆ. 2019ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಟಿಕೆಟ್ ಸಸ್ತಾ ಅಲ್ಲ, ಸೀಸನ್‌ನಲ್ಲಿ ಮೊದಲೇ ಬುಕ್ ಮಾಡದಿದ್ದರೆ ಸಿಗುವುದೂ ಇಲ್ಲ.

ಎರಡನೆಯದು ಮೆಕ್‌ಡವೆಲ್ ಸೊನೋರನ್ ಪ್ರಿಸರ್ವ್. 30 ಸಾವಿರ ಎಕರೆಗೂ ಹೆಚ್ಚು ಮರುಭೂಮಿಯನ್ನು ಊರಿನವರು ತೆರಿಗೆ ಹಾಕಿಕೊಂಡು ಕೊಂಡು ಉಳಿಸಿಕೊಂಡಿದ್ದಾರೆ. ಪ್ರವೇಶ ಪುಕ್ಕಟೆ, ಪಾರ್ಕಿಂಗ್ ಪುಕ್ಕಟೆ. ಗೇಟ್‌ವೇ ಎಂಬ ಕಡೆ ಬಜಾಡಾ ಅಂತ ಅರ್ಧ ಮೈಲಿಯ ಸಮತಟ್ಟು ದಾರಿ ಇದೆ, ಗಾಲಿಕುರ್ಚಿಯೂ ಹೋಗುತ್ತದೆ. ಮಂಡಿನೋವಿನ ಅತ್ತೆಮಾವನಿಗೆ ಇದಕ್ಕಿಂತ ಒಳ್ಳೆ ಬೆಳಗು ಬೇರೆ ಇಲ್ಲ.

ಫೀನಿಕ್ಸ್ ಕಡೆ ಗುಡ್ಡ ಹತ್ತುವುದು ಅಂದರೆ ಎಲ್ಲರ ಬಾಯಲ್ಲೂ ಕ್ಯಾಮಲ್‌ಬ್ಯಾಕ್. 2,704 ಅಡಿ. ಫೋಟೋ ನೋಡಿ ನಂದಿಬೆಟ್ಟದ ಮೆಟ್ಟಿಲು ಅಂತ ಹೊರಡಬೇಡಿ. ಎಕೋ ಕ್ಯಾನ್ಯನ್ ದಾರಿಯಲ್ಲಿ ಕಂಬಿ ಹಿಡಿದು ಬಂಡೆ ಹತ್ತಬೇಕು, ಇಳಿಯುವಾಗ ಇನ್ನೂ ಕಷ್ಟ. ಪ್ರತಿ ವರ್ಷ ಹೆಲಿಕಾಪ್ಟರಿನಲ್ಲಿ ಜನರನ್ನು ಇಳಿಸುತ್ತಾರೆ. ತೀವ್ರ ತಾಪದ ಎಚ್ಚರಿಕೆ ಇರುವ ದಿನ ಬೆಳಗ್ಗೆಯಿಂದ ಸಂಜೆ 5ರ ತನಕ ದಾರಿಯನ್ನೇ ಮುಚ್ಚುತ್ತಾರೆ. ತಂದ ನೀರು ಅರ್ಧ ಖಾಲಿಯಾದರೆ ತುದಿ ಎಷ್ಟೇ ಹತ್ತಿರ ಕಂಡರೂ ವಾಪಸ್ ತಿರುಗಿ. ಗಟ್ಟಿಗರಲ್ಲದವರು ಸೂರ್ಯಾಸ್ತಕ್ಕೆ ಪಾಪಗೊ ಪಾರ್ಕಿನ ಹೋಲ್ ಇನ್ ದ ರಾಕ್ ಹತ್ತಬಹುದು, ಹತ್ತು ನಿಮಿಷದ ಕೆಲಸ. ಇಲ್ಲವೇ ಸೌತ್ ಮೌಂಟನ್ ಪಾರ್ಕಿನ ಡಾಬಿನ್ಸ್ ಲುಕ್‌ಔಟ್‌ಗೆ ಕಾರಿನಲ್ಲೇ ಹೋಗಿ, ಇಡೀ ವ್ಯಾಲಿಯ ದೀಪ ಕಾಣುತ್ತದೆ. ಕೆಲವು ಭಾನುವಾರ ಆ ರಸ್ತೆಗೆ ಕಾರು ಬಿಡುವುದಿಲ್ಲ, ನೋಡಿಕೊಂಡು ಹೊರಡಿ.

ಸಂಜೆ ಕಾಲಾಡಿಸಲು ಓಲ್ಡ್ ಟೌನ್ ಸ್ಕಾಟ್ಸ್‌ಡೇಲ್ ಚೆನ್ನ. ಕೌಬಾಯ್ ಶೈಲಿಯ ಮರದ ಜಗಲಿಗಳು, ಗ್ಯಾಲರಿಗಳು, ಗುರುವಾರ ಸಂಜೆ ಗ್ಯಾಲರಿಗಳೆಲ್ಲ ತೆರೆದಿರುವ ಆರ್ಟ್‌ವಾಕ್, ಮಧ್ಯೆ ಹಾಯುವ ಅರಿಜೋನಾ ಕಾಲುವೆ. ಸ್ವಲ್ಪ ಅಲಂಕಾರ ಜಾಸ್ತಿ, ಸೆಟ್ ಹಾಕಿದ ಹಾಗೆ ಅನ್ನಿಸಿದರೆ ಅದು ನಿಮ್ಮ ಭ್ರಮೆಯಲ್ಲ. ಫೀನಿಕ್ಸ್‌ನ ರೂಸ್‌ವೆಲ್ಟ್ ರೋ ಒರಟು, ಗೋಡೆ ತುಂಬ ಚಿತ್ರ, ತಿಂಗಳ ಮೊದಲ ಶುಕ್ರವಾರ ಭಾರಿ ಜನ. ನನಗೆ ಇದೇ ಇಷ್ಟ. ಆದರೆ ಉಳಿದ ದಿನ ರಾತ್ರಿ ಡೌನ್‌ಟೌನ್‌ನ ಕೆಲವು ಬೀದಿಗಳು ಬಿಕೋ ಎನ್ನುತ್ತವೆ, ಮಕ್ಕಳ ಜತೆ ನಡೆಯಲು ಓಲ್ಡ್ ಟೌನೇ ವಾಸಿ.

ಊಟ, ದೇವಸ್ಥಾನ, ಅಪ್ಪ ಅಮ್ಮ

ಸಸ್ಯಾಹಾರಿಗಳಿಗೆ ಒಂದು ಮಾತು. ಇದು ಮೆಕ್ಸಿಕನ್ ಊಟದ ಸೀಮೆ. ಹುರುಳಿಕಾಯಿ ಬೀಜದ ಆ ಗಟ್ಟಿ ಸಾರಿನಂಥ ರಿಫ್ರೈಡ್ ಬೀನ್ಸ್ ನೋಡಿ ನಿಶ್ಚಿಂತೆಯಿಂದ ತಿನ್ನಬೇಡಿ, ಎಷ್ಟೋ ಕಡೆ ಹಂದಿ ಕೊಬ್ಬಿನಲ್ಲಿ (ಲಾರ್ಡ್) ಮಾಡುತ್ತಾರೆ. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರುವುದೂ ಉಂಟು. ‘ವೆಜ್ ಇದೆಯಾ’ ಅಂತ ಕೇಳಿದರೆ ಇದೆ ಅಂತಲೇ ಹೇಳುತ್ತಾರೆ. ‘ಲಾರ್ಡ್ ಹಾಕಿದ್ದೀರಾ, ಚಿಕನ್ ಬ್ರಾತ್ ಹಾಕಿದ್ದೀರಾ’ ಅಂತ ಹೆಸರು ಹಿಡಿದೇ ಕೇಳಿ. ಪಿಜ್ಜಾ ಇಷ್ಟವಿದ್ದರೆ ಡೌನ್‌ಟೌನ್‌ನ ಹೆರಿಟೇಜ್ ಸ್ಕ್ವೇರ್‌ನಲ್ಲಿ ಪಿಜ್ಜೇರಿಯಾ ಬಿಯಾಂಕೊ ಇದೆ, ಪಡೆದ ಹೆಸರಿಗೆ ತಕ್ಕ ಹಾಗಿದೆ.

ಅನ್ನ ಸಾರು ಇಲ್ಲದೆ ಎರಡನೇ ದಿನಕ್ಕೇ ಮುಖ ಸಪ್ಪಗಾಗುವ ಹಿರಿಯರು ಜತೆಗಿದ್ದರೆ ನಾನು ಎರಡೂ ಊರು ಬಿಟ್ಟು ಟೆಂಪಿ ಅಥವಾ ಚಾಂಡ್ಲರ್ ಅನ್ನುತ್ತೇನೆ. ಅಡುಗೆಮನೆ ಇರುವ ರೂಮು ತೆಗೆದುಕೊಳ್ಳಿ. ಸೋನಾ ಮಸೂರಿ, ಹುಣಸೆಹಣ್ಣು, ಸಾರಿನ ಪುಡಿ ಸಿಗುವ ಅಂಗಡಿಗಳು ಆ ಕಡೆಯೇ ಜಾಸ್ತಿ. ಟೆಂಪಿಯಲ್ಲಿ ಉಡುಪಿಯ ಪುತ್ತಿಗೆ ಮಠದ ವೆಂಕಟಕೃಷ್ಣ ದೇವಸ್ಥಾನ ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮಹಾಗಣಪತಿ ದೇವಸ್ಥಾನ ಮರಿಕೋಪ ಎಂಬ ಊರಲ್ಲಿ, ದಕ್ಷಿಣಕ್ಕೆ ಸುಮಾರು 35 ಮೈಲಿ. ಸ್ಕಾಟ್ಸ್‌ಡೇಲ್‌ನಿಂದ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಹೋಯಿತು.

ಊರಿಗೆ ಫೋನ್ ಮಾಡುವ ಲೆಕ್ಕ ಇಲ್ಲಿ ಸುಲಭ. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡುವ ಪದ್ಧತಿ ಇಲ್ಲ (ಈಶಾನ್ಯದ ನವಾಹೊ ನಾಡು ಬಿಟ್ಟು), ವರ್ಷಪೂರ್ತಿ ಭಾರತ ಹನ್ನೆರಡೂವರೆ ಗಂಟೆ ಮುಂದೆ. ಇಲ್ಲಿ ರಾತ್ರಿ 8 ಆದರೆ ಅಲ್ಲಿ ಮರುದಿನ ಬೆಳಗ್ಗೆ 8.30, ಕಾಫಿ ಹೊತ್ತು.

ಮಳೆ, ಧೂಳು, ಹೊರಸಂಚಾರ

ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆ ತನಕ ಇಲ್ಲೂ ಮಾನ್ಸೂನ್ ಅಂತ ಹೆಸರಿದೆ. ಮಳೆಗಿಂತ ಮೊದಲು ಧೂಳು ಬರುತ್ತದೆ, ಹಬೂಬ್ ಎನ್ನುತ್ತಾರೆ. ಕಂದು ಗೋಡೆಯೊಂದು ದಿಗಂತದಿಂದ ಎದ್ದು ಬಂದು ನಿಮಿಷಗಳಲ್ಲಿ ಮುಂದಿನ ಕಾರೂ ಕಾಣದ ಹಾಗೆ ಮಾಡುತ್ತದೆ. ಆಗ ರಸ್ತೆ ಬಿಟ್ಟು ಪೂರ್ತಿ ಪಕ್ಕಕ್ಕೆ ಇಳಿಸಿ, ಎಲ್ಲ ದೀಪ ಆರಿಸಿ, ಬ್ರೇಕಿನಿಂದ ಕಾಲು ತೆಗೆಯಿರಿ. ದೀಪ ಉರಿಯುತ್ತಿದ್ದರೆ ಹಿಂದಿನವರು ಅದೇ ರಸ್ತೆ ಅಂತ ನಂಬಿ ಬಂದು ಗುದ್ದುತ್ತಾರೆ. ಮಳೆ ಬಂದು ಹಳ್ಳ ರಸ್ತೆ ಮೇಲೆ ಹರಿಯುತ್ತಿದ್ದರೆ ದಾಟಬೇಡಿ. ಅಡ್ಡಗಟ್ಟಿದ ದಾರಿಯಲ್ಲಿ ಕಾರು ನುಗ್ಗಿಸಿ ಸಿಕ್ಕಿಕೊಂಡರೆ ನಿಮ್ಮನ್ನು ಎತ್ತಿದ ಖರ್ಚನ್ನು ನಿಮ್ಮಿಂದಲೇ ವಸೂಲು ಮಾಡುವ ಕಾನೂನು 1995ರಿಂದ ಇದೆ. ಜನ ಅದಕ್ಕೆ ಇಟ್ಟ ಅಡ್ಡಹೆಸರು ‘ದಡ್ಡ ಚಾಲಕರ ಕಾನೂನು’.

ಗ್ರ್ಯಾಂಡ್ ಕ್ಯಾನ್ಯನ್ ಹತ್ತಿರವೇ ಇದೆ ಅಂತ ಬಹಳ ಜನ ಅಂದುಕೊಂಡು ಬರುತ್ತಾರೆ. ದಕ್ಷಿಣದ ಅಂಚಿಗೆ 230 ಮೈಲಿ, ಹೋಗಲು ಮೂರೂವರೆಯಿಂದ ನಾಲ್ಕು ಗಂಟೆ. ಸೆಡೋನಾ ಎರಡು ಗಂಟೆ. ಎರಡಕ್ಕೂ ಹೊರಡುವುದು ಐ–17 ಹೆದ್ದಾರಿಯಲ್ಲೇ. ಶುಕ್ರವಾರ ಸಂಜೆ ಮೇಲಕ್ಕೆ, ಭಾನುವಾರ ಸಂಜೆ ಕೆಳಕ್ಕೆ ಅದು ಜಾಮ್. ಒಂದೇ ದಿನದಲ್ಲಿ ಹೋಗಿ ಬಂದು, ಕಟ್ಟಿದ ರೆಸಾರ್ಟ್ ದುಡ್ಡು ವಸೂಲು ಮಾಡಬೇಕು ಅಂತ ಹಟ ಬೇಡ. ಆ ರಾತ್ರಿ ಫೀನಿಕ್ಸ್‌ನ ಬುಕಿಂಗೂ ಬೇಡ, ಸ್ಕಾಟ್ಸ್‌ಡೇಲ್‌ನದೂ ಬೇಡ. ಫ್ಲ್ಯಾಗ್‌ಸ್ಟಾಫ್‌ನಲ್ಲಿ ಉಳಿಯಿರಿ. ಅದು 7 ಸಾವಿರ ಅಡಿ ಎತ್ತರದಲ್ಲಿದೆ, ಇಲ್ಲಿ ಅರ್ಧ ತೋಳಿನ ಶರಟು ಹಾಕಿ ಹೊರಟ ಜನವರಿ ದಿನವೇ ಅಲ್ಲಿ ಹಿಮ ಬೀಳುತ್ತಿರಬಹುದು. ಡಿಕ್ಕಿಯಲ್ಲಿ ಎಲ್ಲರದ್ದೂ ಜಾಕೆಟ್ ಇರಲಿ, ಅಮ್ಮನಿಗೆ ಕಾಲುಚೀಲ ಹಾಕಿಸಿ, ಚಪ್ಪಲಿಯಲ್ಲಿ ಕರೆದುಕೊಂಡು ಹೋಗಬೇಡಿ.